ಕಾರ್ಖಾನೆ ಗಡಿ ದಾಟಿದರೆ ಹೊಣೆ ತಪ್ಪದು

ಮಾನ್ಯ ಸಂಪಾದಕರೇ,

ಕೂಲಿ ಅಗ್ಗವಿರುವ ದೇಶಗಳಿಗೆ ಕಾರ್ಖಾನೆಗಳು ಹೋಗುವುದು ಮಾರುಕಟ್ಟೆಯ ಸಹಜ ನಡೆ, ಅದರಲ್ಲಿ ನ್ಯಾಯ-ಅನ್ಯಾಯದ ಪ್ರಶ್ನೆ ಎತ್ತುವುದು ಸಲ್ಲದು ಎಂಬ ವಾದ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಕಾಸರಗೋಡಿನ ನಮಗೆ ಇದು ಹಳೆಯ ಕಥೆ. ಬೀಡಿ ಕಾರ್ಮಿಕರಿಗೆ ಕೆಲಸದ ವೇಳೆಯ ಮಿತಿ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ ಕೊಡುವ ಕಾನೂನನ್ನು ಸಂಸತ್ತು 1966ರಲ್ಲಿ ಮಾಡಿತು. ಕೇರಳ ಸರಕಾರ 1968ರಲ್ಲಿ ಅದನ್ನು ಜಾರಿಗೆ ತರಲು ಹೊರಟಾಗ, ಮಂಗಳೂರು ಮೂಲದ ಬೀಡಿ ಉದ್ಯಮಿಗಳು ನಮ್ಮ ತಾಲೂಕೂ ಸೇರಿದ್ದ ಅಂದಿನ ಕಣ್ಣೂರು ಜಿಲ್ಲೆಯಲ್ಲಿ ಕೆಲಸ ನಿಲ್ಲಿಸಿ, ಆ ಕಾನೂನು ಇನ್ನೂ ಜಾರಿಯಾಗದ ಮೈಸೂರು ರಾಜ್ಯದ ಕಡೆಗೆ ಅದನ್ನು ಸಾಗಿಸಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿದ್ದು ಈ ಬವಣೆಯಿಂದಲೇ. ಅತ್ತ ಗಡಿಯೂರು ತಲಪಾಡಿಯ ಆಚೆ, ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲೇ ಬೀಡಿ ಕಟ್ಟುವ ಹೆಂಗಸರಿಗೆ ಸಿಗುತ್ತಿದ್ದುದು ಸಾವಿರ ಬೀಡಿಗೆ ಇಷ್ಟೆಂಬ ಮಜೂರಿ. ಕಟ್ಟು ಸರಿಯಿಲ್ಲವೆಂದು, ಬೀಡಿ ಒಪ್ಪಿಸಿಕೊಳ್ಳುವ ಬ್ರಾಂಚಿನಲ್ಲಿ ಬದಿಗೆ ಸರಿಸಿದ ಬೀಡಿಗೆ ಅದೂ ಇಲ್ಲ.

ಅದೇ ಲೆಕ್ಕಾಚಾರ ಇಂದು ದೇಶ ದೇಶಗಳ ನಡುವೆ ನಡೆಯುತ್ತಿದೆ. ಢಾಕಾ ಸಮೀಪದ ಸಾವಾರಿನಲ್ಲಿ 2013ರ ಏಪ್ರಿಲ್ 24ರಂದು ಸಿದ್ಧ ಉಡುಪಿನ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಎಂಟು ಮಹಡಿಯ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಅದರಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು, ಅಂಗಡಿಗಳು ಬಾಗಿಲು ಹಾಕಿದವು. ಹೊಲಿಗೆ ಕಾರ್ಮಿಕರನ್ನು ಮಾತ್ರ, ಬಾರದಿದ್ದರೆ ತಿಂಗಳ ಸಂಬಳ ಹಿಡಿಯುತ್ತೇವೆಂದು ಹೆದರಿಸಿ ಮರುದಿನ ಬೆಳಿಗ್ಗೆ ಒಳಗೆ ಕಳುಹಿಸಲಾಯಿತು. ಬಿರುಕು ಬ್ಯಾಂಕಿನವರಿಗೆ ಕಂಡಷ್ಟೇ ಅವರಿಗೂ ಕಂಡಿತ್ತು. ಆದರೆ ಅಲ್ಲಿನ ಒಂದು ಕಾರ್ಖಾನೆಯಲ್ಲೂ ಯೂನಿಯನ್ ಇರಲಿಲ್ಲವಾದ್ದರಿಂದ 'ಒಳಗೆ ಬರುವುದಿಲ್ಲ' ಎನ್ನುವ ಬಲ ಅವರಿಗಿರಲಿಲ್ಲ. ಕಟ್ಟಡದ ಮಾಲಿಕ, ಕಾರ್ಖಾನೆಗಳ ಮಾಲಿಕರು ತಪ್ಪಿತಸ್ಥರೆಂಬುದರಲ್ಲಿ ಸಂಶಯವಿಲ್ಲ. ಹಾಗೆಂದು ಅಂಗಿಯೊಂದಕ್ಕೆ ಕಡಿಮೆಯಲ್ಲಿ ಕಡಿಮೆ ದರ ಹೇಳಿ, ಇಂಥ ದಿನಕ್ಕೇ ಸರಕು ಹಡಗೇರಬೇಕೆಂದು ಕರಾರು ಮಾಡಿ, ಅಷ್ಟರಲ್ಲಿ ಅದು ಹೇಗೆ ಸಾಧ್ಯವಾಯಿತೆಂದು ಕೇಳದೆ ಕೊಳ್ಳುವ ಯುರೋಪು-ಅಮೆರಿಕದ ಕಂಪನಿಗಳು ಕೈತೊಳೆದುಕೊಳ್ಳುವಂತಿಲ್ಲ.

ಹಾಗಾದರೆ ಆ ಕಂಪನಿಗಳು ಅಲ್ಲಿಂದ ಕಾಲ್ತೆಗೆಯಲಿ ಎನ್ನುವವರ ಜೊತೆಯೂ ನಾನಿಲ್ಲ. ಬಾಂಗ್ಲಾದೇಶದ ಲಕ್ಷಾಂತರ ಹೆಂಗಸರು ಮೊದಲ ಬಾರಿಗೆ ಸ್ವಂತ ದುಡಿಮೆಯ ಹಣ ಕಂಡದ್ದು ಈ ಕಾರ್ಖಾನೆಗಳಿಂದಲೇ. ಕೆಲಸ ಹೋದಾಗ ಮೊದಲು ಉಪವಾಸ ಬೀಳುವವರು ಯಾರೆಂದು ನಮ್ಮೂರಿನ ಬೀಡಿಯವರನ್ನು ಕೇಳಿದರೆ ಸಾಕು. ಅಲ್ಲೇ ಉಳಿದು, ಸುರಕ್ಷತೆಯ ಖರ್ಚನ್ನೂ ದರದಲ್ಲಿ ಸೇರಿಸಿ ಕೊಡುವುದು ನ್ಯಾಯದ ದಾರಿ. ಅದು ಆಗದ ಮಾತೂ ಅಲ್ಲ. ದುರಂತವಾದ ಮರುತಿಂಗಳಲ್ಲೇ ಕಾರ್ಮಿಕ ಸಂಘಟನೆಗಳೂ ವಿದೇಶಿ ಬ್ರಾಂಡುಗಳೂ ಸಹಿ ಹಾಕಿದ ಬೆಂಕಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದ ಬರೀ ಆಶ್ವಾಸನೆಯ ಪತ್ರವಾಗಿರದೆ ಕಾನೂನುಬದ್ಧವಾಗಿತ್ತು. ಸ್ವತಂತ್ರ ತಪಾಸಣೆ ನಡೆಯಿತು, ವರದಿಗಳು ಬಹಿರಂಗವಾದವು, ಅಪಾಯವಿರುವ ಕಟ್ಟಡಕ್ಕೆ ಕಾಲಿಡಲು ನಿರಾಕರಿಸುವ ಹಕ್ಕನ್ನು ಅದು ಕಾರ್ಮಿಕರಿಗೆ ಬರಹದಲ್ಲಿ ಕೊಟ್ಟಿತು. ಇಷ್ಟಾಗಲು ಸಾವಿರಕ್ಕೂ ಮಿಕ್ಕಿ ಜೀವ ಹೋಗಬೇಕಾಯಿತೇ ಎಂಬುದು ಬೇರೆ ಮಾತು.

ಇದು ಪಾಶ್ಚಾತ್ಯರ ಪಾಪ, ನಮಗೇನು ಎನ್ನುವಂತೆಯೂ ಇಲ್ಲ. ಇಥಿಯೋಪಿಯ 2016ರಲ್ಲಿ ಹವಾಸಾದಲ್ಲಿ ಕೈಗಾರಿಕಾ ಪಾರ್ಕ್ ತೆರೆದಾಗ ಅಲ್ಲಿ ಖಾಸಗಿ ಕಾರ್ಮಿಕರಿಗೆ ಕನಿಷ್ಠ ವೇತನವೇ ನಿಗದಿಯಾಗಿರಲಿಲ್ಲ. ಮೂಲ ಸಂಬಳ ತಿಂಗಳಿಗೆ 26 ಡಾಲರಿನ ಆಸುಪಾಸಿನಲ್ಲಿತ್ತು. ಅಲ್ಲಿಗೆ ಹೋದವರಲ್ಲಿ ಭಾರತದ ಜವಳಿ ಕಂಪನಿಗಳೂ ಇದ್ದವು. ದೊಡ್ಡ ಕಂಪನಿಗಳು ಹೊರದೇಶದ ತಮ್ಮ ಪೂರೈಕೆದಾರರಲ್ಲಿ ನಡೆಯುವ ಹಕ್ಕುಗಳ ಉಲ್ಲಂಘನೆಯ ಬಗ್ಗೆಯೂ ನಿಗಾ ಇಡಬೇಕೆಂದು ಫ್ರಾನ್ಸ್ 2017ರಲ್ಲಿ ಕಾನೂನು ಮಾಡಿದೆ. ಜರ್ಮನಿಯಲ್ಲಿ ಅಂಥದೇ ಕಾನೂನು 2023ರಿಂದ ಜಾರಿಯಾಗಿದೆ. ಹೊರದೇಶಗಳಲ್ಲಿ ಸರಕು ಮಾಡಿಸುವ ನಮ್ಮ ಕಂಪನಿಗಳೂ ತಮಗೆ ದುಡಿಯುವ ಕಾರ್ಖಾನೆಗಳ ಪಟ್ಟಿಯನ್ನು, ಅಲ್ಲಿನ ಕೂಲಿಯನ್ನು, ತಪಾಸಣೆಯ ವರದಿಗಳನ್ನು ಪ್ರಕಟಿಸಲೇಬೇಕೆಂಬ ಕಾನೂನಿಗೆ ನಮ್ಮ ಸಂಸದರು ಲೋಕಸಭೆಯಲ್ಲಿ ಒತ್ತಾಯಿಸಬೇಕು.

ಇತಿ,
ಓರ್ವ ನಿವೃತ್ತ ಅಧ್ಯಾಪಕ
ಪೈವಳಿಕೆ, ಕಾಸರಗೋಡು ಜಿಲ್ಲೆ