ಮುದ್ರೆ ಇಲ್ಲವೆಂದು ಅಜ್ಜನ ಪಿಂಗಾಣಿಯನ್ನು ಗುಜರಿಗೆ ಹಾಕದಿರಿ

ಮಾನ್ಯ ಸಂಪಾದಕರೇ,

ಕೊಪ್ಪಳ, ರಾಯಚೂರು ಭಾಗದಲ್ಲಿ ಮಣ್ಣಿನ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವಾಗ, ಗೋಡೆಯ ಮಾಡಗಳಲ್ಲಿ ಹಾಗೂ ಅಟ್ಟದ ಮೇಲೆ ತಲೆಮಾರುಗಳಿಂದ ಉಳಿದುಬಂದ ಪಿಂಗಾಣಿಯ ಹೂದಾನಿ, ತಟ್ಟೆ, ಕಪ್ಪು ಬಸಿಗಳು ಗುಜರಿಯವರ ಪಾಲಾಗುತ್ತಿವೆ. ಎರಡು ವರ್ಷಗಳ ಹಿಂದೆ ನಮ್ಮ ಚಿಗವ್ವನ ಮನೆಗೆ ಬಂದ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು, ಒಂದು ಜೋಡಿ ಹೂದಾನಿಯನ್ನು ತಿರುವಿ ನೋಡಿ, ಬುಡದಲ್ಲಿ ಯಾವ ಕಂಪನಿಯ ಮುದ್ರೆಯೂ ಇಲ್ಲ, ಆದ್ದರಿಂದ ಬೆಲೆಯೂ ಇಲ್ಲ ಎಂದು ಹೇಳಿ, ಒಂದು ಸ್ಟೀಲಿನ ಡಬ್ಬಿ ಕೊಟ್ಟು ಒಯ್ದರು. ಆ ಮಾತು ತಪ್ಪು ಎಂಬುದನ್ನು ನಮ್ಮ ಭಾಗದ ಓದುಗರಿಗೆ ತಿಳಿಸುವುದಕ್ಕಾಗಿಯೇ ಈ ಪತ್ರ.

ನಮ್ಮ ತಾಯಿಯ ತಂದೆ ನಿಜಾಮರ ಕಾಲದಲ್ಲಿ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದು, 1948ರ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಗಂಗಾವತಿಗೆ ಮರಳುವಾಗ ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಚಹಾದ ಕಪ್ಪುಗಳನ್ನು ತಂದಿದ್ದರು. ಹೊಗೆಬಣ್ಣದ ಮೈಮೇಲೆ ಸುತ್ತಿಕೊಂಡ ಡ್ರ್ಯಾಗನ್, ಬೆರಳಿಗೆ ತಾಕುವಂತೆ ಉಬ್ಬಿದ ಅದರ ಹುರುಪೆಗಳು. ಆದರೆ ಬುಡದಲ್ಲಿ ಒಂದು ಅಕ್ಷರವೂ ಇಲ್ಲ. ಕಳೆದ ವರ್ಷ ಮಹಾನವಮಿಗೆ ಅವುಗಳನ್ನು ತೊಳೆದು ಒಂದನ್ನು ಕಿಟಕಿಯ ಬಿಸಿಲಿಗೆ ಹಿಡಿದಾಗ, ಬರಿದೆಂದು ತಿಳಿದಿದ್ದ ಕಪ್ಪಿನ ತಳದಲ್ಲಿ ತುರುಬು ಕಟ್ಟಿದ ಹೆಣ್ಣುಮಗಳ ಮುಖ ನೆರಳು ಬೆಳಕಿನಲ್ಲಿ ಮೂಡಿತು. ಜೇಡಿಯನ್ನು ಕೆಲವೆಡೆ ತೆಳುವಾಗಿ, ಕೆಲವೆಡೆ ದಪ್ಪವಾಗಿ ಅಚ್ಚೊತ್ತಿ ಸುಟ್ಟು ಹೀಗೆ ಚಿತ್ರ ಮೂಡಿಸುವ ಕಲೆಗೆ ಲಿಥೋಫೇನ್ ಎನ್ನುತ್ತಾರೆ. ಉಬ್ಬು ಡ್ರ್ಯಾಗನ್ನಿನ ಜೊತೆಗೆ ತಳದಲ್ಲಿ ಇಂಥ ಮುಖವಿರುವ ಕಪ್ಪುಗಳು ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನಿಂದ ಹೊರದೇಶಗಳಿಗೆ ಹೋದ ಸರಕು. ಪೆಟ್ಟಿಗೆ ತೆರೆದ ದಿನ ಎಂಟು ವರ್ಷದವರಾಗಿದ್ದ ನಮ್ಮ ತಾಯಿಗೆ ಆ ಹುಲ್ಲಿನ ವಾಸನೆಯೂ ನೆನಪಿದೆ. ಹಾಗಾಗಿ ಇವು 1949ಕ್ಕಿಂತ ಈಚಿನವಲ್ಲ ಎಂಬುದೂ ಖಚಿತವಾಯಿತು. ಬುಡದ ಮುದ್ರೆ ಹೇಳದಿದ್ದುದನ್ನು ಮನೆಯವರ ನೆನಪು ಹೇಳಿತು.

ಮುದ್ರೆ ಇಲ್ಲದಿರುವುದಕ್ಕೆ ಹಲವು ಕಾರಣಗಳಿವೆ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1891ರಿಂದ ಕಡ್ಡಾಯ ಮಾಡಿದ್ದರಿಂದ ಅಲ್ಲಿಗೆ ಹೋಗುವ ಜಪಾನಿ ಪಿಂಗಾಣಿಯ ಮೇಲೆ ಮೊದಲು ‘ನಿಪ್ಪೋನ್’ (ಜಪಾನಿ ಭಾಷೆಯಲ್ಲಿ ಜಪಾನಿನ ಹೆಸರು) ಎಂದೂ 1921ರ ನಂತರ ‘ಜಪಾನ್’ ಎಂದೂ ಬರೆಯಲಾಯಿತು. ಬೇರೆ ದೇಶಗಳಿಗೆ ಹೋದ ಸರಕಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಎಷ್ಟೋ ಸಾಮಾನುಗಳಿಗೆ ಕಾಗದದ ಚೀಟಿ ಅಂಟಿಸಿರುತ್ತಿದ್ದರು, ಅದು ಮೊದಲ ತೊಳೆತಕ್ಕೇ ಹೋಯಿತು. ಇನ್ನೊಂದೆಡೆ, ಮುದ್ರೆ ಇದ್ದ ಮಾತ್ರಕ್ಕೆ ನಂಬುವಂತೆಯೂ ಇಲ್ಲ: ಜರ್ಮನಿಯ ಮೈಸೆನ್ ಕಾರ್ಖಾನೆಯ ನೀಲಿ ಕತ್ತಿಗಳ ಗುರುತನ್ನು ನಕಲು ಮಾಡಿದವರು ಬಹಳ, ಚೀನಾದಲ್ಲಿ ಹಿಂದಿನ ಚಕ್ರವರ್ತಿಗಳ ಹೆಸರನ್ನು ನಂತರದ ಕಾಲದ ಪಾತ್ರೆಗಳ ಮೇಲೂ ಬರೆಯುತ್ತಿದ್ದರು.

ಆದ್ದರಿಂದ ಮೊದಲು ವಸ್ತುವನ್ನೇ ನೋಡಬೇಕು. ಪಾತ್ರೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದು ನಡುವೆ ಬೆರಳಿಟ್ಟಾಗ ಅದರ ನೆರಳು ಈಚೆಗೆ ಕಂಡರೆ ಅದು ಬಹುಮಟ್ಟಿಗೆ ಪಿಂಗಾಣಿ. ದಪ್ಪನೆಯ ಪಿಂಗಾಣಿಯಲ್ಲಿ ಕಾಣದೆಯೂ ಇರಬಹುದು. ಬುಡದ ಉಂಗುರದಲ್ಲಿ ಮೆರುಗು ಹತ್ತದ ಜಾಗ ಬಹಳ ಹೇಳುತ್ತದೆ: ಅಲ್ಲಿ ಬಿಳಿಯ, ನಯವಾದ, ನೀರು ಹೀರದ ಮೈ ಇದ್ದರೆ ಸುಮಾರು 1,300 ಡಿಗ್ರಿ ಶಾಖದಲ್ಲಿ ಬೆಂದ ಪಿಂಗಾಣಿ ಎನ್ನಬಹುದು. ಬಣ್ಣ ತುಸು ನೀಲಿಗೆ ತಿರುಗಿದ ಬಿಳಿಯಾಗಿರದೆ ಹಾಲಿನ ಕೆನೆಯಂತಿದ್ದರೆ, ಎಲುಬಿನ ಬೂದಿ ಬೆರೆಸಿದ ಇಂಗ್ಲೆಂಡ್ ಮಾದರಿಯ ಬೋನ್ ಚೈನಾ ಇದ್ದೀತು. ಭೂತಗನ್ನಡಿಯಲ್ಲಿ ಹೂವಿನ ಎಸಳು ಸಣ್ಣ ಚುಕ್ಕೆಗಳಾಗಿ ಕಂಡರೆ ಅಚ್ಚಿನ ಚಿತ್ರ. ಕುಂಚದ ಗೆರೆ ಎಲ್ಲೋ ದಪ್ಪ ಎಲ್ಲೋ ತೆಳುವಾಗಿದ್ದರೆ ಕೈಯಿಂದ ಬರೆದ ಚಿತ್ರ. ಇವುಗಳನ್ನು ಬೂದಿ, ನಾರು, ಹುಣಸೆಹಣ್ಣು ಹಾಕಿ ತಿಕ್ಕಬಾರದು. ನಮ್ಮ ಕಪ್ಪುಗಳ ಚಿನ್ನದ ಅಂಚು ಹಾಗೆಯೇ ಹೋಯಿತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೇಲ್ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಇಂಥ ಹಳೆಯ ಪಾತ್ರೆಗಳಲ್ಲಿ ಹುಳಿ ಪದಾರ್ಥ ಇಡುವುದೂ ಬೇಡ.

ಹೋಲಿಸಿ ನೋಡಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನಾ, ಜಪಾನ್, ಯುರೋಪಿನ ಪಿಂಗಾಣಿ ಬೇಕಾದಷ್ಟಿದೆ. ಆದರೆ ಗಂಗಾವತಿಯಿಂದ, ಸಿಂಧನೂರಿನಿಂದ ಒಂದು ಕಪ್ಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಲ್ಲರೂ ಅಲ್ಲಿಗೆ ಹೋಗಲಾಗುವುದಿಲ್ಲ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ವರ್ಷಕ್ಕೆ ಒಂದು ದಿನವಾದರೂ ತಜ್ಞರನ್ನು ಕೂಡಿಸಿ, ಜನರು ತಂದ ಮನೆಯ ವಸ್ತುಗಳನ್ನು ನೋಡಿ, ಫೋಟೋ ತೆಗೆದು, ಅವುಗಳ ಕಥೆಯನ್ನು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂಬುದನ್ನೂ ಅಂದೇ ತಿಳಿಸಿಹೇಳಬಹುದು.

ಅಲ್ಲಿಯವರೆಗೆ ಓದುಗರು ತಮ್ಮ ಮನೆಯ ಹಿರಿಯರನ್ನು ಕೂಡಿಸಿಕೊಂಡು, ಯಾರು ತಂದದ್ದು, ಯಾವ ಊರಿನಿಂದ, ಯಾವ ಮದುವೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಆ ವಸ್ತುವಿನೊಳಗೇ ಇಡಲಿ. ನಮ್ಮ ತಾಯಿ ಹೇಳಿದ್ದನ್ನು ನಾನು ಬರೆದಿಟ್ಟಿದ್ದೇನೆ. ಚಿಗವ್ವನ ಹೂದಾನಿಗಳ ಬಗ್ಗೆ ಕೇಳಬೇಕೆಂದುಕೊಳ್ಳುವ ಹೊತ್ತಿಗೆ ಅವು ಮನೆಯಲ್ಲಿರಲಿಲ್ಲ.

— ತಮ್ಮ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ