ಗೇಮಿಂಗ್ ಕೀಬೋರ್ಡ್ ಕೊಳ್ಳುವ ಮುಂಚೆ

ಗೆಳೆಯರೇ, ದುಬಾರಿ ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಬೇಕು ಅಂತಿರುವವರು ಇದನ್ನೊಮ್ಮೆ ಓದಿ. ಬಣ್ಣದ ಲೈಟು ನೋಡಿ ಮರುಳಾಗಬೇಡಿ, ಮೊದಲು ಪ್ರತಿ ಕೀ ಕೆಳಗಿರುವ ಸ್ವಿಚ್ ನೋಡಿ.

ಚೆರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ. 2 ಮಿ.ಮೀ. ಒತ್ತಿದಾಗ ಕೆಲಸ ಮಾಡುತ್ತದೆ. ಬ್ಲೂ ಸ್ವಿಚ್ ಪ್ರತಿ ಸಲವೂ ಟಿಕ್ ಅನ್ನುತ್ತದೆ. ರಾತ್ರಿ ಆಡುವವರಿಗೆ ಬೇಡವೇ ಬೇಡ, ಮನೆಯವರಿಗೆ ನಿದ್ದೆ ಬೇಕಲ್ವಾ?

ವೂಟಿಂಗ್ 60ಎಚ್‌ಇ ತರಹದ ಕೀಬೋರ್ಡ್‌ಗಳಲ್ಲಿ ಸ್ವಿಚ್ ಒಳಗಿನ ಅಯಸ್ಕಾಂತ ಎಷ್ಟು ಕೆಳಗೆ ಬಂತು ಅಂತ ಸೆನ್ಸರ್ ಅಳೆಯುತ್ತದೆ. ಹಾಗಾಗಿ ಕೀ ಎಷ್ಟು ಇಳಿದಾಗ ಕೆಲಸ ಮಾಡಬೇಕು ಅನ್ನೋದನ್ನು 0.1 ಮಿ.ಮೀ.ನಿಂದಲೇ ಹೊಂದಿಸಿಕೊಳ್ಳಬಹುದು. ರ್‍ಯಾಪಿಡ್ ಟ್ರಿಗರ್ ಅನ್ನೋ ಸೆಟ್ಟಿಂಗ್ ಹಾಕಿಕೊಂಡರೆ ಬೆರಳು ಚೂರು ಮೇಲೆತ್ತಿದ ಕೂಡಲೇ ಕೀ ಬಿಟ್ಟಂತೆ ಲೆಕ್ಕ. ಕೌಂಟರ್-ಸ್ಟ್ರೈಕ್‌ನಲ್ಲಿ ಓಡುತ್ತಾ ಗಕ್ಕನೆ ನಿಂತು ಗುಂಡು ಹೊಡೆಯುವವರಿಗೆ ಇದು ನಿಜಕ್ಕೂ ಜಾಸ್ತಿ ಉಪಯೋಗ. ಬರೀ ಟೈಪಿಂಗಿಗಾದರೆ ಸುಮ್ನೆ ಅಷ್ಟು ದುಡ್ಡು ಸುರಿಯಬೇಡಿ.

ಸ್ನ್ಯಾಪ್ ಟ್ಯಾಪ್ (ವಿರುದ್ಧ ದಿಕ್ಕಿನ ಎರಡು ಕೀ ಒಟ್ಟಿಗೆ ಒತ್ತಿದರೆ ಕೊನೆಗೆ ಒತ್ತಿದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುವ ಸೌಲಭ್ಯ) ಇದೆ ಅಂತ ಆಸೆಪಡಬೇಡಿ. 2024ರ ಆಗಸ್ಟ್‌ನಲ್ಲಿ ಆಟದ ಕಂಪನಿ ವಾಲ್ವ್ ಅದನ್ನು ಕೌಂಟರ್-ಸ್ಟ್ರೈಕ್ 2ರ ಅಧಿಕೃತ ಸರ್ವರ್‌ಗಳಲ್ಲಿ ನಿಷೇಧಿಸಿದೆ. ಬಳಸಿದರೆ ಮ್ಯಾಚಿನಿಂದ ಹೊರಹಾಕುತ್ತಾರೆ.

ಕೀಕ್ಯಾಪ್ (ಬೆರಳು ತಾಗುವ ಕೀ ಮುಚ್ಚಳ) ಪಿಬಿಟಿ ಪ್ಲಾಸ್ಟಿಕ್ಕಿನದ್ದೇ ಇರಲಿ, ಎಬಿಎಸ್ ಪ್ಲಾಸ್ಟಿಕ್ ಬೇಗ ಸವೆದು ಮಿರಮಿರ ಹೊಳೆಯುತ್ತದೆ. ಅಂಗಡಿಯಲ್ಲಿ ಸ್ಪೇಸ್‌ಬಾರಿನ ಎರಡೂ ತುದಿ ಒತ್ತಿ ನೋಡಿ. ಗಲಗಲ ಅಂದರೆ ಉದ್ದದ ಕೀ ಓಲಾಡದಂತೆ ಹಿಡಿಯುವ ಸ್ಟೆಬಿಲೈಸರ್ ಸರಿಯಿಲ್ಲ, ಅದನ್ನು ಬಿಟ್ಟುಬಿಡಿ.

ಎಸ್‌ಪಿ ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಹೋಗುವವರು ಇಲ್ಲೇ ತಿಳಿಸಿ, ಒಟ್ಟಿಗೆ ಹೋಗೋಣ.