ಯೂಕಾನ್ ನದಿಗೆ ಹತ್ತು ದಿನ ಸಾಲದು

ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೆನಡಾದ ಯೂಕಾನ್ ನದಿಯ ಕಯಾಕಿಂಗ್ (ಮೇಲ್ಭಾಗ ಮುಚ್ಚಿದ ಸಣ್ಣ ಹುಟ್ಟುದೋಣಿಯ ಪಯಣ) ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ‘ಈಜು ಬಂದರೆ ಸಾಕು, ಹತ್ತು ದಿನದಲ್ಲಿ ಮುಗಿಸಬಹುದು’ ಅನ್ನುವ ಸಾಲು ನೋಡಿ ಸುಮ್ನೆ ಕೂರಲಾಗಲಿಲ್ಲ. ಅದನ್ನು ಓದಿದ ನನ್ನ ಅಕ್ಕನ ಮಗ ಶಿರಸಿಯಿಂದ ಫೋನ್ ಮಾಡಿ, “ಮಾವ, ಹನ್ನೊಂದನೇ ದಿನಕ್ಕೆ ವಾಪಸ್ ಟಿಕೆಟ್ ಮಾಡಿಸ್ಲಾ?” ಅಂತ ಕೇಳಿದ. ಬೇಡ ಮಾರಾಯ ಅಂದೆ.

ವೈಟ್‌ಹಾರ್ಸ್‌ನಿಂದ ಡಾಸನ್‌ವರೆಗೆ ನದಿಯ ದಾರಿ, ಅಂದರೆ ಈ ಪಯಣದ ಪೂರ್ತಿ ದೂರ, 700 ಕಿ.ಮೀ.ಗೂ ಜಾಸ್ತಿ. ಹರಿವು ಜೋರಾಗಿದೆ, ಹುಟ್ಟು ಹಾಕದೆ ಕೂತರೂ ದೋಣಿ ಸಾಗುತ್ತದೆ, ಹಾಗಾಗಿ ಕಾಗದದ ಮೇಲೆ ಹತ್ತು ದಿನದ ಲೆಕ್ಕ ಸರಿ ಅನ್ನಿಸುತ್ತದೆ. ಆದರೆ ಶುರುವಿನಲ್ಲೇ ಲಬಾರ್ಜ್ ಸರೋವರ ಇದೆ. ಸುಮಾರು 50 ಕಿ.ಮೀ. ಉದ್ದ, ಹರಿವೇ ಇಲ್ಲ, ಮೇಲೆ ಗಾಳಿ. ನಾನೂ ಗೆಳೆಯನೂ ಹೋದಾಗ ಅಲ್ಲಿನ ಕಲ್ಲುದಂಡೆಯ ಮೇಲೆ ಎರಡು ದಿನ ಕೂತಿದ್ದೆವು, ಇಸ್ಪೀಟಾಡುತ್ತ. ಅದಕ್ಕೂ ಮೊದಲು ದಡ ಬಿಟ್ಟು ಹೋಗಬೇಡಿ ಅಂತ ಹೇಳಿದ್ದನ್ನು ಕೇಳದೆ, ಒಂದು ಗಂಟೆ ಉಳಿಯುತ್ತದೆ ಅಂತ ನೇರ ಅಡ್ಡ ಹಾಯಲು ಹೋಗಿ ಅಲೆಗೆ ಸಿಕ್ಕಿ ಒದ್ದೆಯಾಗಿ ವಾಪಸ್ ಬಂದಿದ್ದೂ ಆಗಿತ್ತು. ಆ ನೀರು ಎಷ್ಟು ತಣ್ಣಗೆ ಅಂದರೆ ಸ್ವಲ್ಪ ಹೊತ್ತಿಗೇ ಬೆರಳು ಮಡಚಲು ಬರುವುದಿಲ್ಲ. ಅಲ್ಲಿ ಈಜು ಏನು ಮಾಡುತ್ತದೆ? ಲೈಫ್ ಜಾಕೆಟ್ ಮೈಮೇಲೆ ಇರಬೇಕು, ದೋಣಿಯಲ್ಲಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ರ‍್ಯಾಫ್ಟಿಂಗ್ ಮಾಡಿದ ಧೈರ್ಯ ಇಲ್ಲಿಗೆ ಸಾಲದು. ಅಲ್ಲಿ ಗೈಡ್ ಜೊತೆಗಿರುತ್ತಾನೆ, ಸಂಜೆಗೆ ರೂಮಿಗೆ ಬಂದು ಊಟ ಮಾಡುತ್ತೇವೆ, ಅಲ್ವಾ?

ಹಾಗಾಗಿ ಹದಿನಾರು ದಿನ ಇಟ್ಟುಕೊಳ್ಳಿ. ಜೂನ್, ಜುಲೈನಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ, ಗಾಳಿ ನಿಂತಾಗ ಹೊರಟರಾಯಿತು. ಸರೋವರವೇ ಬೇಡ ಅನ್ನುವವರು ಜಾನ್ಸನ್ಸ್ ಕ್ರಾಸಿಂಗ್‌ನಿಂದ ಟೆಸ್ಲಿನ್ ನದಿಯಲ್ಲಿ ಇಳಿದು ಬಂದು ಯೂಕಾನ್ ಸೇರಬಹುದು. ಆದರೆ ಲಬಾರ್ಜ್ ಮುಗಿದ ಕೂಡಲೇ ಬರುವ, ತರ್ಟಿ ಮೈಲ್ ಅನ್ನುವ ನದಿಯ ಭಾಗ ತಪ್ಪಿಹೋಗುತ್ತದೆ. ತಳದ ಕಲ್ಲು ಕಾಣುವಷ್ಟು ತಿಳಿ ಹಸಿರು ನೀರು. ನನ್ನನ್ನು ಕೇಳಿದರೆ ಗಾಳಿ ತಿಂದಾದರೂ ಅದನ್ನು ನೋಡಬೇಕು. ಮುಂದೆ ಎಲ್ಲರೂ ಹೆದರಿಸುವ, ಬಂಡೆಗಳ ನಡುವೆ ನೀರು ರಭಸವಾಗಿ ನುಗ್ಗುವ ಫೈವ್ ಫಿಂಗರ್ ರ‍್ಯಾಪಿಡ್ಸ್ ನಿಜ ಹೇಳಬೇಕೆಂದರೆ ಕೆಲವು ನಿಮಿಷದ ಮಾತು. ಬಲಗಡೆಯ ಕವಲು ಹಿಡಿಯಬೇಕು, ಅಷ್ಟೇ.

ಲೇಖನದಲ್ಲಿ ಕರಡಿಯ ಸುದ್ದಿಯೇ ಇರಲಿಲ್ಲ. ಕರಡಿಗೆ ಹೊಡೆಯುವ ಸ್ಪ್ರೇಯನ್ನಾಗಲಿ ಸ್ಟೌವಿನ ಗ್ಯಾಸ್ ಡಬ್ಬಿಯನ್ನಾಗಲಿ ವಿಮಾನದಲ್ಲಿ ತರುವ ಹಾಗಿಲ್ಲ, ವೈಟ್‌ಹಾರ್ಸ್‌ನಲ್ಲೇ ಕೊಳ್ಳಬೇಕು. ವಾಸನೆಗೆ ಕರಡಿ ಬರುತ್ತದೆ, ಹಾಗಾಗಿ ಅಡುಗೆ ಟೆಂಟಿನಿಂದ ದೂರ. ಇಂಗಿನ ಒಗ್ಗರಣೆಯ ಆಸೆ ಬಿಡಿ, ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿನ್ನಿ. ಊಟದ ಸಾಮಾನಿನ ಜೊತೆ ಟೂತ್‌ಪೇಸ್ಟ್, ಸೋಪು ಕೂಡ ಗಟ್ಟಿ ಮುಚ್ಚಳದ ಡ್ರಮ್ಮಿಗೆ ಹೋಗಬೇಕು. ಆ ದೊಡ್ಡ ಡ್ರಮ್ ಕಯಾಕಿನ ಬಾಯೊಳಗೆ ತೂರುವುದಿಲ್ಲ. ಅಲ್ಲಿ ಬಹಳ ಜನ ಕಯಾಕ್ ಬಿಟ್ಟು, ಮೇಲೆ ಪೂರ್ತಿ ತೆರೆದಿರುವ ಕನೂ ದೋಣಿಯನ್ನು ಯಾಕೆ ಬಾಡಿಗೆಗೆ ತಗೊಳ್ಳುತ್ತಾರೆ ಅಂತ ನನಗೆ ಹೊಳೆದದ್ದು ಸಾಮಾನು ತುಂಬುವ ದಿನ, ಆಗ ತಡವಾಗಿತ್ತು.

‘ಸಾಲ್ಮನ್ ಹಿಡಿದು ಸುಟ್ಟು ತಿನ್ನಿ’ ಅಂತಲೂ ಬರೆದಿದ್ದೀರಿ. ಈ ನದಿಯ ಚಿನೂಕ್ ಜಾತಿಯ ಸಾಲ್ಮನ್ ಮೀನು ತೀರಾ ಕಡಿಮೆಯಾಗಿದೆ ಅಂತ ಕೆನಡಾ ಮತ್ತು ಅಮೆರಿಕ 2024ರಲ್ಲಿ ಅದರ ಮೀನುಗಾರಿಕೆಯನ್ನೇ ಏಳು ವರ್ಷ ನಿಲ್ಲಿಸಲು ಒಪ್ಪಿಕೊಂಡಿವೆ. ದಯವಿಟ್ಟು ಆ ಸಾಲನ್ನು ತಿದ್ದಿ.

ಇನ್ನೊಂದು ಮಾತು. ವೈಟ್ ರಿವರ್ ಬಂದು ಸೇರಿದ ಮೇಲೆ ನದಿ ಪೂರ್ತಿ ಕೆಸರು, ಕುಡಿಯುವ ನೀರನ್ನು ಪಕ್ಕದ ಹಳ್ಳಗಳಿಂದ ತುಂಬಿ ಕುದಿಸಬೇಕು. ಅಲ್ಲಿ ಸುಮ್ಮನೆ ಕೂತರೆ ದೋಣಿಯ ತಳಕ್ಕೆ ಹೂಳು ಉಜ್ಜುವ ಸದ್ದು ಕೇಳುತ್ತದೆ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಕಾರ್ಮ್ಯಾಕ್ಸ್ ಊರು ಬಿಟ್ಟರೆ ನಡುವೆ ಮೊಬೈಲ್ ಇಲ್ಲ, ಸ್ಯಾಟಲೈಟ್ ಮೆಸೇಜಿನ ಯಂತ್ರವನ್ನು ಬಾಡಿಗೆಗಾದರೂ ತಗೊಳ್ಳಿ.

ಅಳಿಯ ಈಗ ಟಿಕೆಟನ್ನು ಹದಿನೆಂಟನೇ ದಿನಕ್ಕೆ ಮಾಡಿಸಿದ್ದಾನೆ. ಅಪ್ಪೆಮಿಡಿ ಉಪ್ಪಿನಕಾಯಿ ತರ್ಲಾ ಅಂತ ಕೇಳುತ್ತಿದ್ದಾನೆ. ಡ್ರಮ್ಮಿನಲ್ಲಿ ಜಾಗ ನೋಡಿ ಹೇಳುತ್ತೇನೆ ಅಂದಿದ್ದೇನೆ.

– ಶಿರಸಿ ಮೂಲದ ಓದುಗ, ಕ್ಯಾಲ್ಗರಿ